ಸತ್ತವರು ಅಮೆರಿಕದವರು, ಕಲ್ಲು ಸುಂಕದಕಟ್ಟೆಯದು

ಕಲ್ಲಿನ ಮೇಲೆ ಅಕ್ಷರ ಕೊರೆಯುವ ಉದ್ಯೋಗಕ್ಕೆ ಹೊಸದಾಗಿ ಕಾಲಿಡುತ್ತಿರುವ ಆಯುಷ್ಮಂತರಾದ ತರುಣ ತರುಣಿಯರಲ್ಲಿ, ನಿವೃತ್ತನಾಗಿ ಕೆಂಗೇರಿಯ ಮನೆಯಲ್ಲಿ ಎರಡು ಹೊತ್ತು ಗುಳಿಗೆ ನುಂಗುತ್ತಾ ಕೂತಿರುವ ನಾನು ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಕೆಲಸದಷ್ಟು ನೆಮ್ಮದಿಯ ಕೆಲಸ ಇನ್ನೊಂದಿಲ್ಲ. ಯಾರ ಹೆಸರು ಕೊರೆಯುತ್ತೀರೋ ಆತ ಬಂದು ದೂರು ಹೇಳುವುದಿಲ್ಲ. ದೂರು ಹೇಳುವವರು ಅವನ ಹೆಂಡತಿ ಮಕ್ಕಳು. ಅವರೂ ಸಮುದ್ರದಾಚೆ ಇದ್ದುಬಿಟ್ಟರೆ ಸಾಕ್ಷಾತ್ ಕೈಲಾಸ.

ನನ್ನ ಬಡ್ತಿಗಳ ವಿಚಾರ ಮೊದಲೇ ಮುಗಿಸಿಬಿಡುತ್ತೇನೆ. ಸೇರಿದಾಗ ಸ್ಟೂಲು ಕೊಟ್ಟಿದ್ದರು. ಬಿಡುವಾಗ ಕೈಯಿರುವ ಕುರ್ಚಿಗೆ ಏರಿದ್ದೆ. ಅದರ ಒಂದು ಕೈ ಮುರಿದಿತ್ತು.

ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ, ಮುಖ್ಯರಸ್ತೆಯಿಂದ ಒಳಗೆ ಒಂದು ಗಲ್ಲಿಯಲ್ಲಿ ನಮ್ಮ ಗ್ರಾನೈಟ್ ಕಾರ್ಖಾನೆ. ಅಲ್ಲಿ ತಯಾರಾಗುತ್ತಿದ್ದದ್ದು ಅಮೆರಿಕದ ಸಮಾಧಿ ಕಲ್ಲುಗಳು, ಅದರಲ್ಲೂ ಬಹುಪಾಲು ಸೈನಿಕರವು. ಅಲ್ಲಿಯ ಸರ್ಕಾರ ಮಾಜಿ ಸೈನಿಕರ ಸಮಾಧಿಗೆ ಬಿಳಿಯ ಕಲ್ಲನ್ನು ಪುಕ್ಕಟೆಯಾಗಿಯೇ ಕೊಡುತ್ತದಂತೆ. ಆದರೆ ಪುಕ್ಕಟೆ ಕೊಟ್ಟದ್ದು ಯಾವ ದೇಶದಲ್ಲಿ ಯಾರಿಗೆ ಒಪ್ಪಿಗೆಯಾಗಿದೆ? ಕಲ್ಲು ಕಪ್ಪಗಿರಬೇಕು, ಮುಖ ಕಾಣುವಂತೆ ಹೊಳೆಯಬೇಕು, ಮೇಲೊಂದು ಹದ್ದು ರೆಕ್ಕೆ ಬಿಚ್ಚಿ ಕೂತಿರಬೇಕು ಎನ್ನುವವರೆಲ್ಲ ನಮ್ಮಲ್ಲಿಗೆ ಬರುತ್ತಿದ್ದರು. ಬರುತ್ತಿದ್ದರು ಎಂದರೆ ಅವರ ಹೆಸರುಗಳು ಬರುತ್ತಿದ್ದವು. ಅಲ್ಲೊಬ್ಬ ಏಜೆಂಟ್ ಹೆಸರುಗಳನ್ನು ಕಳಿಸುತ್ತಿದ್ದ, ನಾವು ಕಲ್ಲುಗಳನ್ನು ಕಳಿಸುತ್ತಿದ್ದೆವು.

ನಾನು ಅದಕ್ಕೆ ಮೊದಲು ರಾಜಾಜಿನಗರದಲ್ಲಿ ಬೋರ್ಡು ಬರೆಯುತ್ತಿದ್ದವನು. ಹೋಟೆಲುಗಳ ಗೋಡೆಯ ಮೇಲೆ ತಿಂಡಿಗಳ ಹೆಸರು, ಕ್ಲಿನಿಕ್ಕುಗಳ ಮುಂದೆ ಡಾಕ್ಟರುಗಳ ಡಿಗ್ರಿ. ಫ್ಲೆಕ್ಸ್ ಬಂದು ನಮ್ಮ ಕುಂಚಗಳನ್ನೆಲ್ಲ ಒಣಗಿಸಿದ ಮೇಲೆ, ಇಂಗ್ಲಿಷ್ ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಇಡ್ಲಿ ವಡೆಯಿಂದ ನೇರವಾಗಿ ಅಮೆರಿಕದ ವೀರಮರಣಕ್ಕೆ ವರ್ಗವಾದೆ. ಕಲ್ಲಿನ ಮೇಲೆ ಅಕ್ಷರಗಳನ್ನು ಗುರುತು ಹಾಕುವುದು, ಕೊರೆದ ಮೇಲೆ ತಪ್ಪು ಹುಡುಕುವುದು ನನ್ನ ಕೆಲಸ. ತಪ್ಪು ಹುಡುಕುವವನಾದ್ದರಿಂದ ಎಲ್ಲರೂ ನನ್ನನ್ನು ಮೇಷ್ಟ್ರೇ ಎಂದು ಕರೆದರು.

ಮಾಲೀಕರು ಶಂಕರಪ್ಪನವರು, ದಾವಣಗೆರೆ ಕಡೆಯವರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಎರಡು ಫೋನು. ಅಮೆರಿಕ ಇನ್ನೆಲ್ಲಿಗೋ ಸೈನ್ಯ ಕಳಿಸಿತೆಂದು ಟೀವಿಯಲ್ಲಿ ಬಂದರೆ “ಛೆ ಛೆ, ಪಾಪ, ಹರೆಯದ ಹುಡುಗ್ರು” ಎಂದು ಮನಸಾರೆ ಮರುಗುತ್ತಿದ್ದರು. ಮರುಗಿ, “ಕರೇ ಕಲ್ಲು ಸ್ಟಾಕ್ ಎಷ್ಟೈತ್ರೀ?” ಎಂದು ಕೇಳುತ್ತಿದ್ದರು. ಈ ಎರಡು ಮಾತುಗಳ ನಡುವೆ ಅವರು ಉಸಿರು ತೆಗೆದುಕೊಂಡದ್ದನ್ನು ನಾನು ನೋಡಿಲ್ಲ.

ಹಾಗೆಂದು ನಮ್ಮಲ್ಲಿಗೆ ಬಂದವರೆಲ್ಲ ರಣರಂಗದಲ್ಲೇ ಬಿದ್ದವರೆಂದು ತಿಳಿಯಬೇಡಿ. ಮಹಾಯುದ್ಧ, ಕೊರಿಯಾ, ವಿಯೆಟ್ನಾಂ ಎಂದು ಹೋಗಿ, ಬದುಕಿ ಬಂದು, ಮನೆಯಲ್ಲಿ ಮುದುಕರಾಗಿ ತೀರಿಕೊಂಡವರೇ ಹೆಚ್ಚು. ಇಪ್ಪತ್ತನೇ ವಯಸ್ಸಿನಲ್ಲಿ ಒಂದೆರಡು ವರ್ಷ ಬಂದೂಕು ಹಿಡಿದು, ಆಮೇಲೆ ಜೀವಮಾನವಿಡೀ ಟೈರು ಮಾರಿದವನ ಕಲ್ಲಿನ ಮೇಲೂ ಟೈರಿನ ಸುದ್ದಿ ಇರುವುದಿಲ್ಲ. ಹುದ್ದೆ, ಪಡೆ, ಯುದ್ಧದ ಹೆಸರು, ಅಷ್ಟೇ. ಅಂಥ ಕಲ್ಲುಗಳನ್ನು ನಮ್ಮ ಗೇಟಿನಲ್ಲಿ ಹಗಲಿರುಳು ಕಾಯುತ್ತಿದ್ದವರು ನಮ್ಮದೇ ಸೈನ್ಯದಿಂದ ನಿವೃತ್ತರಾದ ಒಬ್ಬ ಹವಾಲ್ದಾರರು. ಅವರಿಗೆ ಕಾರ್ಖಾನೆಯ ವತಿಯಿಂದ ಒಂದು ಪ್ಲಾಸ್ಟಿಕ್ ಕುರ್ಚಿ ಮತ್ತು ಒಂದು ಸೀಟಿಯನ್ನು ಪ್ರದಾನ ಮಾಡಲಾಗಿತ್ತು.

ಇನ್ನು ಕೊರೆಯುವವನು. ಹೇರೋಹಳ್ಳಿಯ ಮುನಿಯಪ್ಪ. ಅವನ ಅಪ್ಪನ ಕಾಲದ ರಾಗಿ ಹೊಲವೆಲ್ಲ ಸೈಟುಗಳಾಗಿ, ಹಿರಿಯರನ್ನು ಹೂತಿದ್ದ ಮೂಲೆಯ ಒಂದು ತುಂಡು ಮಾತ್ರ ಉಳಿದಿತ್ತು. ಇಂಗ್ಲಿಷು ಅವನಿಗೆ ಬಾರದು. ನಾನು ಗುರುತು ಹಾಕಿದ್ದನ್ನು ಕೂದಲೆಳೆ ಆಚೀಚೆ ಆಗದಂತೆ ಕೊರೆಯುತ್ತಿದ್ದ. ಅವನಿಗಿದ್ದದ್ದು ಒಂದೇ ಷರತ್ತು.

“ಸತ್ತಿರೋರ್ದು ಎಷ್ಟಾದ್ರೂ ಕೊಡಿ ಮೇಷ್ಟ್ರೇ. ಬದುಕಿರೋರ ಹೆಸ್ರು ಮಾತ್ರ ನನ್ ಕೈಲಿ ಗೋರಿ ಕಲ್ಲಿಗೆ ಹಾಕಿಸ್ಬೇಡಿ. ನಮ್ಮಪ್ಪನ ಮಾತು ಅದು. ಹಂಗ್ ಹಾಕಿದ್ರೆ ಹಾಕ್ದೋನ ಮನೇಲಿ ಒಂದು ಹೆಣ ಬೀಳ್ತದೆ.”

ಆದ್ದರಿಂದ ಪ್ರತಿ ಕಲ್ಲಿನ ಮುಂದೆಯೂ ಒಂದು ವಿಚಾರಣೆ.

“ಈವಯ್ಯ ಗ್ಯಾರಂಟಿ ಹೋಗವ್ನಾ?”

“ಹೋಗಿದಾನೆ ಕಣಯ್ಯ, ತಾರೀಖು ಇದೆಯಲ್ಲ.”

“ಸರಿ, ಶಿವನ ಪಾದ ಸೇರ್ಲಿ.”

ಹೀಗೆ ಅಮೆರಿಕದ ಭೂಸೇನೆ, ನೌಕಾಸೇನೆ, ವಾಯುಸೇನೆಗಳ ಅಸಂಖ್ಯ ಯೋಧರು ತಮಗೇ ತಿಳಿಯದಂತೆ ಶಿವನ ಪಾದ ಸೇರಿದರು.

ನಮ್ಮ ಪ್ರಮಾದಗಳೂ ಕಡಿಮೆಯವಲ್ಲ. ಒಮ್ಮೆ ಅಮೆರಿಕದ ದಕ್ಷಿಣ ಭಾಗದ ಒಂದು ಊರಿನಿಂದ ಅವರ ಹಳೆಯ ಅಂತರ್ಯುದ್ಧದಲ್ಲಿ ಮಡಿದವರ ಕಲ್ಲುಗಳಿಗೆ ಆರ್ಡರು ಬಂತು. ಉತ್ತರದವರ ಕಲ್ಲಿಗೆ ತಲೆ ದುಂಡಗೆ, ದಕ್ಷಿಣದವರ ಕಲ್ಲಿಗೆ ಮೊನಚು. ಉತ್ತರದವರು ಬಂದು ತಮ್ಮವರ ತಲೆಯ ಮೇಲೆ ಕೂರದಿರಲಿ ಎಂದು ಹೀಗೆ ಮಾಡಿದ್ದೆಂದು ಅಲ್ಲಿ ತಮಾಷೆಯಾಗಿ ಹೇಳುತ್ತಾರಂತೆ. ಇದನ್ನರಿಯದ ಶಂಕರಪ್ಪನವರು, “ಇಷ್ಟು ಚೂಪು ಇದ್ರ ಲಾರಿಯೊಳಗೆ ಮುಕ್ಕಾಗ್ತಾವ್ರೀ” ಎಂದು ಎಲ್ಲ ತಲೆಗಳನ್ನೂ ನೀಟಾಗಿ ದುಂಡಗೆ ಮಾಡಿಸಿದರು. ಅಷ್ಟೊಂದು ರಕ್ತ ಹರಿಸಿ ಅವರವರಲ್ಲಿ ಇತ್ಯರ್ಥವಾಗದೆ ಉಳಿದಿದ್ದನ್ನು ನಾವು ಸುಂಕದಕಟ್ಟೆಯಲ್ಲಿ ಒಂದು ವಾರದಲ್ಲಿ ಬಗೆಹರಿಸಿ, ದಕ್ಷಿಣದವರನ್ನು ಸಾರಾಸಗಟಾಗಿ ಉತ್ತರಕ್ಕೆ ಸೇರಿಸಿದೆವು. ರವಾನೆಗೆ ಮೊದಲು ಕಳಿಸಿದ ಫೋಟೋ ನೋಡಿ ಏಜೆಂಟ್ ಫೋನಿನಲ್ಲಿ ಕಿರುಚಿದ್ದು ಗೇಟಿನ ಹವಾಲ್ದಾರರಿಗೂ ಕೇಳಿಸಿತು. ಆ ಕಲ್ಲುಗಳು ವ್ಯರ್ಥವಾಗಲಿಲ್ಲ. ಇವತ್ತಿಗೂ ಹೇರೋಹಳ್ಳಿಯ ಹಲವು ಹಿತ್ತಲುಗಳಲ್ಲಿ ಬಟ್ಟೆ ಒಗೆಯುವ ಕಲ್ಲಾಗಿ, ಹೆಸರು ಕೆಳಗಾಗಿ ಮಲಗಿ, ಸೇವೆ ಸಲ್ಲಿಸುತ್ತಿವೆ.

ಇನ್ನೊಮ್ಮೆ ಆಯುಧಪೂಜೆಯ ಮಾರನೆಯ ದಿನ ಮಾಲು ತುಂಬಿದರು. ಸಮಾಧಿ ಕಲ್ಲು ಹೊತ್ತು ಹೋಗುವ ಲಾರಿ, ದಾರಿಯಲ್ಲಿ ಏನಾದರೂ ಆದರೆ ಎಂದು ಯಾರೋ ಪುಣ್ಯಾತ್ಮರು ಪೆಟ್ಟಿಗೆಗಳ ಒಳಗೂ ಒಂದೊಂದು ನಿಂಬೆಹಣ್ಣು, ಹಸಿಮೆಣಸಿನಕಾಯಿ ಇಟ್ಟರು. ಅಮೆರಿಕದ ಬಂದರಿನಲ್ಲಿ ಅಧಿಕಾರಿಗಳು ಪೆಟ್ಟಿಗೆ ತೆರೆದರು. ಹೊರದೇಶದ ಹಣ್ಣು ಕಾಯಿ ಒಳಗೆ ಬರಕೂಡದೆಂದು ಅಲ್ಲಿ ಕಟ್ಟುನಿಟ್ಟು. ಅಷ್ಟೂ ಮಂದಿ ವೀರಯೋಧರು ಒಣಗಿದ ನಿಂಬೆಹಣ್ಣಿನ ಜೊತೆ ಬಂದರಿನಲ್ಲೇ ಕೊಳೆಯಬೇಕಾಯಿತು. ದೃಷ್ಟಿ ತಾಗಲಿಲ್ಲ ಎಂಬುದು ಮಾತ್ರ ನಿಜ.

ಹೀಗೆ ಯುದ್ಧಗಳೂ ನಾವೂ ಹೊಂದಿಕೊಂಡು ಹೋಗುತ್ತಿದ್ದಾಗ ಮೊದಲ ಜೋಡಿ ಕಲ್ಲಿನ ಆರ್ಡರು ಬಂತು. ಗಂಡ ವಾಲ್ಟರ್, ವಿಯೆಟ್ನಾಂ ಯುದ್ಧಕ್ಕೆ ಹೋಗಿ ಬಂದವನು, ಈಗ ತೀರಿಕೊಂಡಿದ್ದ. ಹೆಂಡತಿ ಡೊರೊಥಿ. ಮೇ ತಿಂಗಳ ಕೊನೆಯ ಸೋಮವಾರ ಅಲ್ಲಿ ಸೈನಿಕರ ಸಮಾಧಿಗಳಿಗೆ ಪುಟ್ಟ ಪುಟ್ಟ ಬಾವುಟ ನೆಟ್ಟು ನೆನೆಯುವ ದಿನ. ಅಷ್ಟರೊಳಗೆ ಕಲ್ಲು ನಿಲ್ಲಬೇಕು. ಹಡಗಿನ ಪ್ರಯಾಣ ಕಳೆದರೆ ನಮಗೆ ಉಳಿದದ್ದು ಒಂದು ವಾರ.

ಶಂಕರಪ್ಪನವರು ಕನ್ನಡಕ ಏರಿಸಿ ನೋಡಿದರು. “ಮೇಷ್ಟ್ರೇ, ಹೆಣ್ಮಗಳದು ಹುಟ್ಟಿದ ವರ್ಷ ಐತಿ, ಗೆರೆ ಐತಿ, ಮುಂದ ಖಾಲಿ. ಮರ್ತಾರ. ಬರದು ಕೇಳ್ರಿ.”

ಬರೆದೆ. “ಶ್ರೀಮತಿಯವರ ಮರಣದ ದಿನಾಂಕ ಬಿಟ್ಟುಹೋಗಿರುತ್ತದೆ. ರವಾನೆ ತಡವಾಗದಂತೆ ಆದಷ್ಟು ಬೇಗ ಒದಗಿಸಿಕೊಡಬೇಕಾಗಿ ವಿನಂತಿ” ಎಂಬರ್ಥದ ಬಲು ಮರ್ಯಾದೆಯ ಒಕ್ಕಣೆ. ಏಜೆಂಟನಿಂದ ಒಂದೇ ಸಾಲಿನ ಉತ್ತರ ಬಂತು. ಆಕೆ ಇನ್ನೂ ಸತ್ತಿಲ್ಲ.

ಓದಿ ಹೇಳಿದೆ. ಶಂಕರಪ್ಪನವರು ಗಂಭೀರವಾಗಿ ಆಲೋಚಿಸಿ ಕೇಳಿದರು:

“ಹಂಗಾದ್ರ, ಯಾವಾಗಂತೆ?”

ಮೇಲಧಿಕಾರಿಗಳಿಂದ ನಾನು ಬಹಳ ಪ್ರಶ್ನೆಗಳನ್ನು ಕೇಳಿದ್ದೇನೆ. ಈ ಎತ್ತರಕ್ಕೆ ಯಾವುದೂ ಏರಲಿಲ್ಲ.

ಆಮೇಲೆ ಏಜೆಂಟನೇ ಫೋನು ಮಾಡಿ ತಿಳಿಹೇಳಿದ. ಅವರಲ್ಲಿ ಹೀಗೇ ಪದ್ಧತಿಯಂತೆ. ಒಬ್ಬರು ಹೋದಾಗ ಇಬ್ಬರ ಹೆಸರನ್ನೂ ಕೊರೆಸಿ, ಉಳಿದವರ ಮುಂದೆ ಗೆರೆ ಎಳೆದು ಜಾಗ ಬಿಡುತ್ತಾರೆ. ಅವರೂ ಹೋದ ಮೇಲೆ ಅಲ್ಲಿಯವರೇ ಯಾರೋ ಬಂದು ವರ್ಷ ತುಂಬುತ್ತಾರೆ. ಶಂಕರಪ್ಪನವರಿಗೆ ಸಮಾಧಾನವಾಯಿತು. ಮುನಿಯಪ್ಪನಿಗೆ ಆಗಲಿಲ್ಲ.

ಅವನಿಗೆ ಆಗದಿರಲು ಕಾರಣವಿತ್ತು. ಅವನ ಹೆಂಡತಿ ಗೌರಮ್ಮ ಹೊಟ್ಟೆಯಲ್ಲಿ ಗಡ್ಡೆಯಾಗಿ ರಾಜಾಜಿನಗರದ ಆಸ್ಪತ್ರೆ ಸೇರಿದ್ದಳು. ಶನಿವಾರ ಆಪರೇಷನ್ ಎಂದು ಹೇಳಿದ್ದರು.

“ನನ್ ಮನೆಯೋಳು ಅಲ್ಲಿ ಮಂಚದ ಮೇಲೆ ಮಲಗವ್ಳೆ. ಈ ಹೊತ್ನಲ್ಲಿ ಬದುಕಿರೋ ಹೆಂಗ್ಸಿನ ಹೆಸ್ರು ಗೋರಿ ಕಲ್ಲಿಗೆ ಹಾಕು ಅಂತೀರಲ್ಲ ಸ್ವಾಮಿ, ಬಾಯಾದ್ರೂ ಹೆಂಗ್ ಬಂತು?”

“ಲೇ ಮುನಿಯಪ್ಪ, ಆಕಿ ಹೆಸರಿಗೂ ನಿನ್ ಹೆಂಡ್ತಿ ಹೊಟ್ಟಿಗೂ ಏನು ಸಂಬಂಧೋ?” ಎಂದರು ಶಂಕರಪ್ಪನವರು. ಅವರು ರಾಹುಕಾಲ ನೋಡದೆ ಟೀ ಸಹ ಕುಡಿಯದವರು. “ನೋಡು, ಶುಕ್ರವಾರ ಸಂಜಿಗೆ ಕಲ್ಲು ಆಗ್ಬೇಕು. ನೀ ಮಾಡ್ಲಿಲ್ಲ ಅಂದ್ರ ಶನಿವಾರದಿಂದ ಬರ್ಬೇಡ. ಕೊರೆಯೋ ಮಷೀನ್ ತರಿಸ್ತೀನಿ. ಅದಕ್ಕ ಹೆಂಡ್ತಿ ಇರಂಗಿಲ್ಲ.”

“ತರಿಸ್ಕಳಿ” ಎಂದು ಮುನಿಯಪ್ಪ ಬೆನ್ನು ತಿರುಗಿಸಿ ಕೂತ. ಆದರೆ ಕೂತವನು ಕೈಯಲ್ಲಿದ್ದ ಉಳಿಯನ್ನು ಕೆಳಗಿಡಲಿಲ್ಲ. ಈ ಕೆಲಸ ಬಿಟ್ಟರೆ ಆಸ್ಪತ್ರೆಯಿಂದ ಹೆಂಡತಿಯನ್ನು ಮನೆಗೆ ತರುವ ದಾರಿಯೇ ಅವನಿಗಿರಲಿಲ್ಲ. ಕೆಲಸ ಮಾಡಿದರೆ ಅವಳು ಬರುವುದೇ ಇಲ್ಲವೇನೋ ಎಂಬ ಭಯ.

ಶಂಕರಪ್ಪನವರು ನನ್ನನ್ನು ಮೂಲೆಗೆ ಕರೆದರು. “ಸತ್ತಾಳ ಅಂತ ಹೇಳ್ಬಿಡ್ರಿ, ಮುಗೀತು.”

“ಬದುಕಿರೋರನ್ನ ಸತ್ತರು ಅಂತ ಹೇಳೋದಾ ಸಾರ್?”

“ಮುಂದ ಹೆಂಗೂ ಸಾಯೋದ ಅಲ್ರೀ. ಸುಳ್ಳಲ್ಲ ಅದು, ಅಡ್ವಾನ್ಸು.”

ಇಂಥ ತತ್ತ್ವಜ್ಞಾನಿಯ ಕೈಕೆಳಗೆ ದುಡಿಯುವ ಭಾಗ್ಯ ನಿಮಗೂ ದೊರೆಯಲಿ. ನಾನು ಒಪ್ಪಲಿಲ್ಲ. ಗುರುವಾರ ಮಧ್ಯಾಹ್ನ ಮುನಿಯಪ್ಪನೇ ಎದ್ದು ಬಂದ. “ಮೇಷ್ಟ್ರೇ, ಆಯಮ್ಮಂಗೆ ಇದು ಗೊತ್ತಾ? ಇಲ್ಲ ಮಕ್ಳು ಮರಿ ಸೇರ್ಕಂಡು ಹಿಂದಿನಿಂದ ಮಾಡಿಸ್ತಾವ್ರಾ? ಆಯಮ್ಮನ ಬಾಯಿಂದ ನಾನೇ ಕೇಳ್ಬೇಕು. ಕೇಳಿದ್ಮೇಲೆ ನೋಡಾನ.”

ಏಜೆಂಟನಿಗೆ ಹೇಳಿದಾಗ ಅವನು, ಪ್ರಪಂಚದಲ್ಲಿ ಇಷ್ಟು ಕಲ್ಲಿನ ಕಾರ್ಖಾನೆಗಳಿರುವಾಗ ನಿಮ್ಮನ್ನು ಹುಡುಕಿಕೊಂಡ ನನ್ನ ಬುದ್ಧಿಗಿಷ್ಟು ಎಂಬರ್ಥದ ಮಾತಾಡಿ, ಫೋನು ಕೂಡಿಸಿಕೊಟ್ಟ. ನಮಗೆ ಸಂಜೆ, ಅವರಿಗೆ ಬೆಳಿಗ್ಗೆ. ಯಂತ್ರಗಳನ್ನೆಲ್ಲ ನಿಲ್ಲಿಸಿ, ಫೋನನ್ನು ಸ್ಪೀಕರಿಗೆ ಹಾಕಿ, ಬೇರೆ ಮೇಜಿಲ್ಲದ ಕಾರಣ ಆ ಕಲ್ಲಿನ ಮೇಲೇ ಇಟ್ಟೆವು. ನಡುವೆ ನಾನು ದುಭಾಷಿ. ನನ್ನ ಇಂಗ್ಲಿಷು ಇಡ್ಲಿ ವಡೆಗೂ ವೀರಮರಣಕ್ಕೂ ನಡುವಿನದು ಎಂಬುದನ್ನು ನೀವೇ ಊಹಿಸಿರುತ್ತೀರಿ.

“ಅಮ್ಮಾ” ಎಂದು ಮುನಿಯಪ್ಪ ಕಲ್ಲಿಗೆ ಬಗ್ಗಿ ಕೂಗಿದ, ಅಮೆರಿಕ ದೂರವಲ್ಲವೇ. “ನಿಮ್ ಹೆಸ್ರು ನೀವೇ ಗೋರಿ ಮೇಲೆ ನೋಡ್ಬೇಕಾಯ್ತದೆ. ಎದೆ ಒಡ್ಯಕ್ಕಿಲ್ವಾ?”

ನಾನು ಹೇಳಿದೆ. ಆ ಕಡೆಯಿಂದ ಮುದಿ ದನಿಯ ನಗು, ನಗುವಿನ ಹಿಂದೆ ಕೆಮ್ಮು. ಆಮೇಲೆ ಆಕೆ ನಿಧಾನವಾಗಿ ಹೇಳಿದ್ದನ್ನು ನಾನು ತುಂಡು ತುಂಡಾಗಿ ಮುನಿಯಪ್ಪನಿಗೆ ಒಪ್ಪಿಸಿದೆ. ಮದುವೆಯಾದ ವರ್ಷವೇ ಗಂಡ ಯುದ್ಧಕ್ಕೆ ಹೋದನಂತೆ. ದಿನಾ ಸಂಜೆ ಬಾಗಿಲ ಮೆಟ್ಟಿಲ ಮೇಲೆ ಕೂತು ಕಾದಳಂತೆ. ಕಾರು ನಿಂತ ಸದ್ದಾದರೆ ಸೈನ್ಯದವರು ಸಾವಿನ ಸುದ್ದಿಯೇ ತಂದರೆಂದು ಕಣ್ಣು ಮುಚ್ಚುತ್ತಿದ್ದಳಂತೆ. “ಈಗ ಕಾಯುವ ಸರದಿ ಅವನದು. ಆದರೆ ಅವನಿಗೆ ಯಾರಿಗೂ ಇಲ್ಲ ಎನ್ನಲು ಬಾರದು. ನನ್ನ ಹೆಸರು ಹಾಕದಿದ್ದರೆ ಆ ಪಕ್ಕದ ಜಾಗಕ್ಕೆ ಅವನ ತಂಗಿ ಬಂದುಬಿಡುತ್ತಾಳೆ.”

“ಯಾರು, ನಾದಿನೀನಾ?” ಮುನಿಯಪ್ಪ ನೆಟ್ಟಗಾದ. ಮೂರು ದಿನದಿಂದ ಇಲ್ಲದ ಬೆಳಕು ಮುಖಕ್ಕೆ ಬಂತು. “ಅಯ್ಯೋ, ಮೊದ್ಲೇ ಹೇಳ್ಬಾರ್ದಾ! ಮೆಜೆಸ್ಟಿಕ್‌ನಾಗೆ ಬಸ್ ಬತ್ತಿದ್ದಂಗೇ ಕಿಟಕೀಲಿ ಟವೆಲ್ ಹಾಕ್ತೀವಲ್ಲ ಮೇಷ್ಟ್ರೇ, ಹಂಗೆ! ಸೀಟ್ ಹಿಡ್ಯೋದು! ಟವೆಲ್ ಹಾಕ್ದೋನು ತಕ್ಷಣ ಹತ್ತಾನಾ? ಇಲ್ಲ. ಕೆಳಗೆ ನಿಂತು ಆರಾಮಾಗಿ ಟೀ ಕುಡೀತಾನೆ. ಹೇಳಿ ಆಯಮ್ಮಂಗೆ, ಹೇಳಿ!”

ಮೆಜೆಸ್ಟಿಕ್ಕನ್ನೂ ಟವೆಲನ್ನೂ ನಾನು ಹೇಗೆ ಅಮೆರಿಕಕ್ಕೆ ದಾಟಿಸಿದೆನೋ ಶಿವನೇ ಬಲ್ಲ. ಆ ಕಡೆ ಮತ್ತೆ ಅದೇ ನಗು, ಅದೇ ಕೆಮ್ಮು. ಆಮೇಲೆ ಆಕೆ ಹೇಳಿದಳು, “ಹೌದು. ಅದೇ. ಆ ಕೊರೆಯುವವನಿಗೆ ಹೇಳಿ, ನನ್ನ ಟೀ ಇನ್ನೂ ಮುಗಿದಿಲ್ಲ ಎಂದು.”

ಶುಕ್ರವಾರ ಮುನಿಯಪ್ಪ ಕೊರೆದ. ಗಂಡನ ಹೆಸರು, ಹೆಂಡತಿಯ ಹೆಸರು, ಗೆರೆ. ಆಮೇಲೆ ಗೆರೆಯ ಮುಂದಿನ ಖಾಲಿ ಜಾಗಕ್ಕೆ ಮಿಕ್ಕ ಕಲ್ಲಿಗಿಂತ ಹೆಚ್ಚು ಪಾಲಿಶ್ ಹೊಡೆದ. ಹೊಡೆಯುತ್ತಲೇ ಇದ್ದ. ಶಂಕರಪ್ಪನವರು ಪಾಲಿಶಿಂಗ್ ಪುಡಿಯ ಬೆಲೆ ನೆನೆದು ಡಬ್ಬಿ ಎತ್ತಿಡಲು ಬಂದವರು, ಅವನ ಮುಖ ನೋಡಿ ಅದನ್ನು ಅವನ ಹತ್ತಿರಕ್ಕೇ ಸರಿಸಿದರು. ಶನಿವಾರ ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ನಾನೂ ಇದ್ದೆ. ಕೊನೆಗೆ ನರ್ಸು ಬಂದು “ಗೌರಮ್ಮನ ಕಡೆಯೋರು ಯಾರು?” ಎಂದಾಗ ಅವನು ಕೂತಲ್ಲಿಂದಲೇ ಕೈ ಎತ್ತಿದ. ಬದುಕಿದ್ದಳು.

ಚೇತರಿಸಿಕೊಂಡ ಮೇಲೆ ಗೌರಮ್ಮ ಕಾರ್ಖಾನೆಗೆ ಬಂದವಳು ಮೊದಲು ಕೇಳಿದ್ದು, “ಆಯಮ್ಮ ಎಂಗವ್ರೆ?”

ಗೊತ್ತಿಲ್ಲ. ಗೊತ್ತಾಗುವ ಬಗೆಯೂ ಇಲ್ಲ. ಗೆರೆಯಾಚೆಯ ಮರಣದ ವರ್ಷ ಕೊರೆಯುವುದು ನಮ್ಮ ಇಲಾಖೆಗೆ ಸೇರಿದ್ದಲ್ಲ. ಆಮೇಲೆ ಜೋಡಿ ಕಲ್ಲುಗಳು ಸಾಲುಸಾಲಾಗಿ ಬಂದವು. ಮುನಿಯಪ್ಪ ಅವನ್ನು ಟವೆಲ್ ಕಲ್ಲು ಎಂದ, ಕಾರ್ಖಾನೆಯೇ ಹಾಗೆಂದಿತು. ಕೊನೆಗೆ ಶಂಕರಪ್ಪನವರೂ “ಈ ತಿಂಗಳು ಟವೆಲ್ ಎಷ್ಟ್ರೀ?” ಎನ್ನತೊಡಗಿದರು. ಯುದ್ಧಗಳಿಂದ ಬದುಕಿ ಬಂದವರ ಹೆಂಡಿರೆಲ್ಲ, ಸುಂಕದಕಟ್ಟೆಯ ದಾಖಲೆಗಳ ಪ್ರಕಾರ, ಇನ್ನೂ ಎಲ್ಲೋ ನಿಂತು ಟೀ ಕುಡಿಯುತ್ತಲೇ ಇದ್ದಾರೆ.

ಕೆಲಸದ ವಿಧಾನ ಬದಲಾದ ಬಗ್ಗೆಯೂ ಹೇಳಬೇಕು. ಮೊದಲು ಉಳಿ ಸುತ್ತಿಗೆ. ಆಮೇಲೆ ಕಲ್ಲಿಗೆ ರಬ್ಬರ್ ಹಾಳೆ ಅಂಟಿಸಿ, ಅಕ್ಷರದ ಜಾಗ ಕತ್ತರಿಸಿ ತೆಗೆದು, ಗಾಳಿಯ ರಭಸದಲ್ಲಿ ಮರಳು ಹೊಡೆಯುವುದು. ಈಗ ಕಂಪ್ಯೂಟರಿನಿಂದ ಲೇಸರು. ಮರಳು ಹೊಡೆಯುವ ಕಾಲದಲ್ಲಿ ಅಕ್ಷರ ಬಹಳ ಚೆನ್ನಾಗಿ ಬರುತ್ತಿತ್ತು, ದೂಳೂ ಬರುತ್ತಿತ್ತು. ಮುಖಕ್ಕೆ ಕಟ್ಟಿಕೊಳ್ಳಲು ಕೊಟ್ಟಿದ್ದದ್ದು ಬಟ್ಟೆಯ ತುಂಡು. ಮುನಿಯಪ್ಪನ ಎದೆಯ ಫೋಟೋ ನೋಡಿದ ಡಾಕ್ಟರು “ಬೀಡಿ ಎಷ್ಟು ಸೇದ್ತೀರಿ?” ಎಂದು ಕೇಳಿದರು. ಅವನು ಬೀಡಿ ಮುಟ್ಟಿದವನಲ್ಲ. ಎಂದೋ ಮುಗಿದ ಅಮೆರಿಕದ ಯುದ್ಧಗಳು ಸುಂಕದಕಟ್ಟೆಯಲ್ಲಿ ಇನ್ನೂ ಒಬ್ಬೊಬ್ಬರನ್ನೇ ತೆಗೆದುಕೊಂಡು ಹೋಗುತ್ತಿದ್ದವು. ಇವರ ಲೆಕ್ಕ ಯಾವ ಸ್ಮಾರಕಕ್ಕೂ ಸೇರುವುದಿಲ್ಲ. ತರುಣರೇ, ನನ್ನ ಮಿಕ್ಕ ಮಾತೆಲ್ಲ ಮರೆತರೂ ಚಿಂತೆಯಿಲ್ಲ, ಸರಿಯಾದ ಮಾಸ್ಕ್ ಕೊಡದ ಮಾಲೀಕನ ಬಳಿ ಒಂದು ಅಕ್ಷರವನ್ನೂ ಕೊರೆಯಬೇಡಿ.

ಹೋದ ಮಳೆಗಾಲದಲ್ಲಿ ಮುನಿಯಪ್ಪ ತೀರಿಕೊಂಡ. ಹೇರೋಹಳ್ಳಿಯಲ್ಲಿ, ಸೈಟುಗಳ ನಡುವೆ ಉಳಿದಿದ್ದ ಆ ಮೂಲೆಯಲ್ಲಿ ಮಣ್ಣು ಮಾಡಿದರು. ಶಂಕರಪ್ಪನವರು ಈಗ ಹಾಸಿಗೆ ಹಿಡಿದಿದ್ದಾರೆ. ಅಲ್ಲಿಂದಲೇ ಮಗನಿಗೆ ಹೇಳಿ ಒಳ್ಳೆಯ ಕಪ್ಪು ಕಲ್ಲೊಂದನ್ನು ತೆಗೆದಿಡಿಸಿದರು, ಸ್ಟಾಕ್ ಎಷ್ಟಿದೆ ಎಂದು ಕೇಳದೆ. ಅಕ್ಷರ ಜೋಡಿಸಿಕೊಡಲು ನಾನು ಕೆಂಗೇರಿಯಿಂದ ಹೋದೆ. ಗೌರಮ್ಮನೂ ಬಂದಿದ್ದಳು.

ಇಷ್ಟು ವರ್ಷದಲ್ಲಿ ಕನ್ನಡದಲ್ಲಿ ನಾನು ಬರೆದ ಮೊದಲ ಸಮಾಧಿ ಕಲ್ಲು ಅದು. ಹುದ್ದೆಯಿಲ್ಲ, ಪಡೆಯಿಲ್ಲ, ಯುದ್ಧವಿಲ್ಲ. ಹೆಸರಿನ ಕೆಳಗೆ “ಕಲ್ಲುಕೆಲಸ” ಎಂದು ಹಾಕಿದೆ. ಟೈರು ಮಾರಿದವನಿಗೆ ಆದ ಅನ್ಯಾಯ ಇವನಿಗೆ ಆಗುವುದು ಬೇಡ.

“ಮೇಷ್ಟ್ರೇ, ಪಕ್ಕದಲ್ಲಿ ನಂದೂ ಹಾಕ್ಬುಡಿ” ಎಂದಳು ಗೌರಮ್ಮ. “ಅವ್ರಿಗೊಬ್ಳು ತಂಗಿ ಅವ್ಳೆ.”

ಹಾಕಿದೆ. ಕಂಪ್ಯೂಟರಿನ ಮುಂದೆ ಕೂತಿದ್ದವಳು ಪವಿತ್ರಾ, ಹೊಸದಾಗಿ ಸೇರಿದ ಡಿಸೈನರ್ ಹುಡುಗಿ. ಇಬ್ಬರ ಹೆಸರನ್ನೂ ಟೈಪ್ ಮಾಡಿ ಕೈ ತಡೆದಳು.

“ಸಾರ್, ಈ ಎರಡ್ನೇ ಹೆಸ್ರಿಗೆ ಎಂಡ್ ಡೇಟ್ ಬಿಟ್ಟೋಗಿದೆ.”

“ಬಿಟ್ಟುಹೋಗಿಲ್ಲಮ್ಮ. ಇವರೇ ಅವರು, ಇಲ್ಲೇ ನಿಂತಿದ್ದಾರೆ.”

ಹುಡುಗಿ ತಿರುಗಿ ನೋಡಿ, ಕೆಂಪಗಾಗಿ, ಎಡವಟ್ಟನ್ನು ಸರಿಮಾಡಲು ಹೋಗಿ ಅದನ್ನು ಪೂರ್ಣಗೊಳಿಸಿದಳು. “ಅಯ್ಯೋ ಸಾರಿ ಆಂಟಿ... ಮತ್ತೆ, ಯಾವಾಗ ಅಂತ ಹಾಕ್ಲಿ?”

ಗೌರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಅವಳ ಹೆಗಲ ಮೇಲೆ ಕೈಯಿಟ್ಟಳು.

“ನಿಂಗ್ಯಾಕವ್ವ ಅಷ್ಟು ಅರ್ಜೆಂಟು? ನೀನು ಗೆರೆ ಎಳೆದು ಬುಡು ತಾಯಿ. ನಂದಿನ್ನೂ ಟೀ ಮುಗ್ದಿಲ್ಲ.”